ಮದ್ಯ ತ್ಯಜಿಸಿದ ಮೊದಲ ದಿನಗಳು

ಶ್ರಾವಣದಲ್ಲಿ ಗದ್ದುಗೆಯ ಮುಂದೆ ನಿಂತು ‘ಇನ್ನು ಮುಟ್ಟುವುದಿಲ್ಲ’ ಎಂದು ಪ್ರಮಾಣ ಮಾಡಿ ಹೋಗುವ ಸದ್ಭಕ್ತರು ಅನೇಕರು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಿದ ನಾಡಿದು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಸಂಕಲ್ಪದ ಹಿರಿಮೆಯನ್ನು ನಾವು ಹೇಳಬೇಕಾಗಿಲ್ಲ. ಅದರ ಮರುದಿನ ದೇಹದೊಳಗೆ ನಡೆಯುವುದನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

ಮಿದುಳಿನಲ್ಲಿ ಶಾಂತಗೊಳಿಸುವ ‘ಗಾಬಾ’ ಹಾಗೂ ಉದ್ರೇಕಿಸುವ ‘ಗ್ಲುಟಮೇಟ್’ ಎಂಬ ಎರಡು ದ್ರವ್ಯಗಳಿವೆ. ಮದ್ಯವು ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ನಿತ್ಯ ಕುಡಿದವರ ಮಿದುಳು ಈ ಒತ್ತಡವನ್ನು ಎದುರು ತಳ್ಳುತ್ತಲೇ ಇರುತ್ತದೆ. ಭಾರವನ್ನು ತಳ್ಳುತ್ತ ನಿಂತವನ ಎದುರಿನಿಂದ ಭಾರವನ್ನು ಥಟ್ಟನೆ ಸರಿಸಿದರೆ ಅವನು ಮುಗ್ಗರಿಸಿ ಬೀಳುವುದಿಲ್ಲವೆ? ಹಾಗೆಯೇ ಕೊನೆಯ ಕುಡಿತದ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ರಾನಾಶಗಳು ತಲೆದೋರುತ್ತವೆ. ಕೆಲವರಿಗೆ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಜ್ವರ, ದಿಕ್ಕುಗೆಟ್ಟ ಮಾತು, ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುವ ಭ್ರಮೆ ಉಂಟಾಗಬಹುದು. ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಹೊರಡುವುದು ಈ ಹೊತ್ತಿನಲ್ಲಿಯೇ. ಇದು ಪ್ರಾಣಾಪಾಯದ ಸ್ಥಿತಿ. ಒಡನೆ ಆಸ್ಪತ್ರೆಗೆ ಒಯ್ಯಬೇಕು.

ನಾವು ಆಯುರ್ವೇದದವರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯಕ್ಕೇ ಮೀಸಲಾಗಿದೆ. ಬಿಟ್ಟವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯಗಳೆಂಬ ರೋಗಗಳು ಬರುತ್ತವೆಂದೂ ಅಲ್ಲಿ ಹೇಳಿದೆ. ಆದರೂ ಈ ನಾಲ್ಕೈದು ದಿನಗಳ ಮಟ್ಟಿಗೆ ಬೆಂಜೋಡಯಾಜೆಪೀನ್ ವರ್ಗದ ಔಷಧಗಳನ್ನೇ ಆಶ್ರಯಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲೋರಾಜೆಪಾಮ್ ಇವುಗಳಲ್ಲಿ ಮುಖ್ಯವಾದವು. ಮದ್ಯವು ಬಿಟ್ಟುಹೋದ ಸ್ಥಾನದಲ್ಲಿ ಇವು ಗಾಬಾದ ಬಲವನ್ನು ತಾತ್ಕಾಲಿಕವಾಗಿ ಕಾಯ್ದು, ಸೆಳವನ್ನು ತಡೆಯುತ್ತವೆ. ಲಕ್ಷಣಗಳ ತೀವ್ರತೆ ನೋಡಿ ಪ್ರಮಾಣ ನಿರ್ಧರಿಸಿ, ದಿನದಿನಕ್ಕೆ ಇಳಿಸುತ್ತ ಸಾಮಾನ್ಯವಾಗಿ ಒಂದು ವಾರದೊಳಗೆ ನಿಲ್ಲಿಸಲಾಗುತ್ತದೆ. ಯಕೃತ್ತು ಕೆಟ್ಟವರಿಗೆ ದೇಹದಲ್ಲಿ ಬಹುಕಾಲ ಉಳಿಯದ ಲೋರಾಜೆಪಾಮ್ ಮೇಲು.

‘ಒಂದು ಚಟ ಬಿಡಿಸಲು ಇನ್ನೊಂದು ಚಟವೆ?’ ಎಂದು ಭಕ್ತರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ವೈದ್ಯರ ಕಣ್ಣಳತೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಇವೂ ಅಂಟಿಕೊಳ್ಳುತ್ತವೆ. ಇವುಗಳೊಡನೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು. ಆದ್ದರಿಂದ ನೆರೆಮನೆಯವರಿಗೆ ಕೊಟ್ಟ ಚೀಟಿಯಿಂದ ಮಾತ್ರೆ ತರುವುದು ಸಲ್ಲದು; ಮಾತ್ರೆಗಳು ರೋಗಿಯ ಕೈಯಲ್ಲಿರದೆ ಮನೆಯ ಹಿರಿಯರ ಬಳಿ ಇರಲಿ.

ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಅವಶ್ಯಕ. ಅದರ ಕೊರತೆಯಿದ್ದವರಿಗೆ ಅದನ್ನು ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಭಯವಿದೆ. ಬ್ರಾಹ್ಮಿ, ಅಶ್ವಗಂಧಗಳ ಸರದಿ ಈ ಗಂಡಾಂತರ ಕಳೆದ ಮೇಲೆ. ಆಸವ, ಅರಿಷ್ಟಗಳಲ್ಲಿ ಸ್ವಯಂಜನಿತ ಮದ್ಯಸಾರವಿರುವುದರಿಂದ ಕುಡಿತ ಬಿಟ್ಟವರು ಅವುಗಳಿಂದ ದೂರವಿರಬೇಕು.

ಹಿಂದೆ ಸೆಳವು ಬಂದವರು, ಬೆಳಗೆದ್ದೊಡನೆ ಕುಡಿಯದೆ ಕೈ ನಿಲ್ಲದವರು, ವೃದ್ಧರು, ಹಲವು ಬಾರಿ ಬಿಟ್ಟು ಹಿಡಿದವರು ಪ್ರಮಾಣ ಮಾಡುವ ಮೊದಲೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವ್ಯಸನಮುಕ್ತಿ ವಿಭಾಗವೇ ಇದೆ. ದೂರವಾಣಿಯ ಸಲಹೆಗೆ ಟೆಲಿ-ಮಾನಸ್ 14416. ಹೋಗುವಾಗ ಕೊನೆಯ ಬಾರಿ ಕುಡಿದ ಹೊತ್ತು, ನಿತ್ಯದ ಪ್ರಮಾಣ, ಕಾಮಾಲೆಯ ಇತಿಹಾಸ, ಸೇವಿಸುತ್ತಿರುವ ಇತರ ಔಷಧಗಳು, ನಮ್ಮ ಕಷಾಯ ಚೂರ್ಣಗಳೂ ಸೇರಿ, ಇವಿಷ್ಟನ್ನೂ ಮುಚ್ಚಿಡದೆ ತಿಳಿಸಬೇಕು.