ಹೊಸ ರ‍್ಯಾಮ್ ಸೇರಿದ ಮೇಲೆ ಕುಸಿಯುವ ಕಂಪ್ಯೂಟರ್

ಎರಡು ರ‍್ಯಾಮ್ ಮಾಡ್ಯೂಲ್‌ಗಳಿದ್ದಾಗ ಸರಿಯಾಗಿದ್ದ ಡೆಸ್ಕ್‌ಟಾಪ್, ಅದೇ ಮಾದರಿಯ ಇನ್ನೆರಡನ್ನು ಸೇರಿಸಿದೊಡನೆ ನೀಲಿ ಪರದೆ ತೋರಿಸತೊಡಗಿದರೆ, ಹೊಸವೇ ಕೆಟ್ಟಿವೆ ಎಂದು ತೀರ್ಮಾನಿಸುವುದು ಅವಸರವಾದೀತು. ಪ್ರೊಸೆಸರಿನೊಳಗಿದ್ದು ರ‍್ಯಾಮ್‌ನೊಡನೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಎಂಬ ಭಾಗದ ಮೇಲೆ ನಾಲ್ಕು ಮಾಡ್ಯೂಲ್‌ಗಳು ಹೇರುವ ವಿದ್ಯುತ್ ಹೊರೆ ಹೆಚ್ಚು. ಹೀಗಾಗಿಯೇ ಡೆಸ್ಕ್‌ಟಾಪ್ ರೈಜನ್ 7000 ಸರಣಿಗೆ ಎಎಂಡಿ ಘೋಷಿಸಿರುವ ಡಿಡಿಆರ್5 ವೇಗವು ಎರಡು ಮಾಡ್ಯೂಲ್‌ಗಳಿಗೆ ಸೆಕೆಂಡಿಗೆ 5200 ದಶಲಕ್ಷ ವರ್ಗಾವಣೆಗಳಾದರೆ, ನಾಲ್ಕಕ್ಕೆ ಕೇವಲ 3600. ಪೊಟ್ಟಣದ ಮೇಲೆ ಅಚ್ಚಾಗಿರುವ 6000ದಂತಹ ಅಂಕಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲಿನದು, ಎಂದರೆ ತಯಾರಕರು ಆ ಒಂದು ಜೋಡಿಯನ್ನಷ್ಟೇ ಪರೀಕ್ಷಿಸಿ ನಮೂದಿಸಿದ ಹೆಚ್ಚುವರಿ ವೇಗ ಮತ್ತು ವೋಲ್ಟೇಜ್. ಎರಡು ಜೋಡಿಗಳು ಕೂಡಿದಾಗ ಆ ಭರವಸೆ ಅನ್ವಯಿಸದು.

ಆದ್ದರಿಂದ ಬಯಾಸ್‌ನಲ್ಲಿ ಆ ಪ್ರೊಫೈಲನ್ನು ನಿಲ್ಲಿಸಿ, ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸುವುದು ಮೊದಲ ಹೆಜ್ಜೆ. ಆಗಲೂ ದೋಷ ಕಂಡರೆ ಒಂದೊಂದೇ ಮಾಡ್ಯೂಲನ್ನು ಒಂದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಬೇಕು. ಪ್ರತಿ ಬದಲಾವಣೆಯ ನಂತರ ಸಂಕೇತಗಳ ಕಾಲವನ್ನು ಯಂತ್ರ ತಾನೇ ಹೊಂದಿಸಿಕೊಳ್ಳುವ ‘ಮೆಮೊರಿ ಟ್ರೈನಿಂಗ್’ ಕೆಲವು ನಿಮಿಷ ಹಿಡಿಯಬಹುದಾದ್ದರಿಂದ, ಕಪ್ಪು ಪರದೆಗೆ ಬೆದರಿ ವಿದ್ಯುತ್ ಕಡಿಯಬಾರದು. ಪ್ರೊಫೈಲ್ ಇಲ್ಲದಾಗ ಎಲ್ಲವೂ ನೆಟ್ಟಗಿದ್ದು ವೇಗವೂ ಬೇಕೆನಿಸಿದರೆ, ನಾಲ್ಕನ್ನೂ ಬಿಟ್ಟು ಹೆಚ್ಚು ಸಾಮರ್ಥ್ಯದ ಒಂದೇ ಜೋಡಿಯನ್ನು ಕೊಳ್ಳುವುದು ಲೇಸು.