ಕಾಲುವೆಗೆ ಬಿಟ್ಟ ನೀರಿನ ಲೆಕ್ಕ ಕೇಳುವ ಹಕ್ಕು

ಬೆಂಗಳೂರಿಗೆ ಕಡಲಿಲ್ಲ, ಆದರೆ ಬೆಂಗಳೂರಿನ ಕೊಳಚೆ ಕಡಲು ಮುಟ್ಟುತ್ತದೆ. ವೈಟ್‌ಫೀಲ್ಡ್ ಸುತ್ತಲಿನ ಅಪಾರ್ಟ್‌ಮೆಂಟು, ಟೆಕ್ ಪಾರ್ಕುಗಳ ನೀರು ರಾಜಕಾಲುವೆ ಹಿಡಿದು ವರ್ತೂರು ಕೆರೆಗೆ ಬರುತ್ತದೆ. ಅಲ್ಲಿ ಕೋಡಿ ಬಿದ್ದು ದಕ್ಷಿಣ ಪಿನಾಕಿನಿಗೆ ಇಳಿದರೆ, ಹೊಸೂರಿನ ಕೆಲವರಪಳ್ಳಿ ಜಲಾಶಯ ದಾಟಿ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಪೀಣ್ಯದ ಕಡೆಯ ನೀರು ವೃಷಭಾವತಿ, ಬೈರಮಂಗಲ ಕೆರೆ, ಅರ್ಕಾವತಿಗಳ ಮೂಲಕ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ದಾರಿಯುದ್ದಕ್ಕೂ ಇದೇ ನೀರಿನಲ್ಲಿ ಹಿಪ್ಪುನೇರಳೆ, ಸೊಪ್ಪು, ದನದ ಮೇವು ಬೆಳೆಯುವವರಿದ್ದಾರೆ. ನೀರು ಹೊರಬಿಡುವವರೆಲ್ಲ ಹೇಳುವುದು ಒಂದೇ ಮಾತು: ಸಂಸ್ಕರಿಸಿಯೇ ಬಿಟ್ಟಿದ್ದೇವೆ. ಕೆಳಗಿನ ಊರಿನವರು ನೊರೆಯ ಫೋಟೋ ತೋರಿಸಿ, ನಾತ ತಡೆಯಲಾಗುತ್ತಿಲ್ಲ ಎಂದು ಅರ್ಜಿ ಬರೆಯುತ್ತಾರೆ. ಅರ್ಜಿ ಕಡತ ಸೇರುತ್ತದೆ. ನೊರೆ, ನಾತಗಳನ್ನಷ್ಟೇ ನೆಚ್ಚಿದ ದೂರಿಗಿಂತ ದಾಖಲೆಯನ್ನು ಮುಂದಿಟ್ಟ ದೂರಿಗೆ ಬಲ ಹೆಚ್ಚು ಎಂಬುದು ಈ ಲೇಖನದ ವಾದ. ಆ ದಾಖಲೆ ನೋಡುವ ಹಕ್ಕನ್ನು ಕಾನೂನು ಕೊಟ್ಟು ಐವತ್ತು ವರ್ಷ ಕಳೆದಿದೆ. ಬಳಸುವವರು ಮಾತ್ರ ಕಡಿಮೆ.

ಮೊದಲ ದಾಖಲೆ ಸಮ್ಮತಿ ಪತ್ರ. 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮದ 25ನೇ ಸೆಕ್ಷನ್ ಪ್ರಕಾರ, ತ್ಯಾಜ್ಯನೀರು ಹೊರಬಿಡುವ ಕೈಗಾರಿಕೆಯಾಗಲಿ ಸಂಸ್ಕರಣಾ ಘಟಕವಾಗಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ನಡೆಯುವಂತಿಲ್ಲ. ದಿನಕ್ಕೆ ಎಷ್ಟು ನೀರು, ಯಾವ ಗುಣಮಟ್ಟದಲ್ಲಿ, ಎಲ್ಲಿಗೆ ಎಂಬ ಷರತ್ತುಗಳೆಲ್ಲ ಆ ಪತ್ರದಲ್ಲಿರುತ್ತವೆ. ಅದೇ ಸೆಕ್ಷನ್ನಿನ 6ನೇ ಉಪಸೆಕ್ಷನ್ ಈ ಷರತ್ತುಗಳನ್ನು ಮಂಡಳಿ ಒಂದು ವಹಿಯಲ್ಲಿ ದಾಖಲಿಸಬೇಕು ಎನ್ನುತ್ತದೆ. ಆ ನೀರಿನಿಂದ ಬಾಧಿತರಾದವರು, ಅದರಲ್ಲಿ ಹಿತಾಸಕ್ತಿ ಇರುವವರು, ಇಲ್ಲವೇ ಅವರು ಕಳಿಸಿದ ಪ್ರತಿನಿಧಿ ಕಚೇರಿ ವೇಳೆಯಲ್ಲಿ ಆ ವಹಿಯನ್ನು ನೋಡಬಹುದು. ವಹಿಯಲ್ಲಿ ಬರೆದ ಷರತ್ತೇ ನಿರ್ಣಾಯಕ ಸಾಕ್ಷ್ಯ. ನೋಡುವಾಗ ಮೊದಲು ಗಮನಿಸಬೇಕಾದದ್ದು ನೀರು ಎಲ್ಲಿಗೆ ಹೋಗಬೇಕು ಎಂಬ ಸಾಲು, ಏಕೆಂದರೆ ಮಿತಿ ಅದರ ಮೇಲೆ ನಿಂತಿದೆ. ಪ್ರತ್ಯೇಕ ಮಾನದಂಡವಿಲ್ಲದ ಕೈಗಾರಿಕೆಗಳಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿರುವ ಸಾಮಾನ್ಯ ಮಾನದಂಡದಂತೆ, ನೀರಿನ ಕೊಳೆತನವನ್ನು ಅಳೆಯುವ ಬಿಒಡಿ ಒಳನಾಡಿನ ಕೆರೆ, ಹೊಳೆಗಾದರೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಕರಾವಳಿಯ ಕಡಲಿಗಾದರೆ 100, ಸಾರ್ವಜನಿಕ ಒಳಚರಂಡಿಗಾದರೆ 350ರವರೆಗೆ ಅವಕಾಶವಿದೆ. ಕಡಲು ತಾಳಿಕೊಳ್ಳುವಷ್ಟನ್ನು ಕೆರೆ ತಾಳಿಕೊಳ್ಳಲಾರದು ಎಂದು ಕಾನೂನೇ ಒಪ್ಪಿದೆ ಎಂದಾಯಿತು. ಒಳಚರಂಡಿಗೆ ಎಂದು ಸಮ್ಮತಿ ಪಡೆದು ಪೈಪನ್ನು ರಾಜಕಾಲುವೆಗೆ ತಿರುಗಿಸಿದವರು ಹತ್ತು ಪಟ್ಟಿಗೂ ಹೆಚ್ಚಿನ ವಿನಾಯಿತಿಯನ್ನು ಕದ್ದಂತೆ. ಇದನ್ನು ತೋರಿಸಲು ಪ್ರಯೋಗಾಲಯವೂ ಬೇಡ, ಸಮ್ಮತಿ ಪತ್ರವನ್ನೂ ಪೈಪಿನ ಬಾಯಿಯನ್ನೂ ಜೊತೆಗಿಟ್ಟು ನೋಡಿದರೆ ಸಾಕು.

ಮಿತಿಯೊಳಗೆ ಅಂಕಿ ಇದ್ದ ಮಾತ್ರಕ್ಕೆ ನೀರು ಒಳ್ಳೆಯದೆಂದು ತಿಳಿಯುವುದೂ ತಪ್ಪು. ಕೊಳಚೆ ನೀರು ಸಂಸ್ಕರಣಾ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರ್ 13ರಂದು ಹೊರಡಿಸಿದ ಅಧಿಸೂಚನೆ ಮಹಾನಗರಗಳಲ್ಲಿ ಬಿಒಡಿ 20, ತೇಲುವ ಘನಕಣ 50 ಮಿಲಿಗ್ರಾಂ ಎಂದಿತು. ರಂಜಕಕ್ಕೂ ಸಾರಜನಕಕ್ಕೂ ಮಿತಿಯನ್ನೇ ಹೇಳಲಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಕಳೆ ಕೊಬ್ಬಿ, ನೊರೆ ಎದ್ದು ರಸ್ತೆಗೆ ಹಾರಿದ್ದಕ್ಕೆ ಮಾರ್ಜಕಗಳ ಜೊತೆ ಈ ಪೋಷಕಾಂಶಗಳೂ ಕಾರಣ. ಅಂದರೆ ಅಧಿಸೂಚನೆಗೆ ಸರಿಹೊಂದುವ ನೀರೂ ಕೆರೆಯನ್ನು ಕೆಡಿಸಬಲ್ಲದು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರ ಏಪ್ರಿಲ್ 30ರ ಆದೇಶದಲ್ಲಿ ಬಿಒಡಿ 10ಕ್ಕೆ ಇಳಿಯಬೇಕು, ರಂಜಕ, ಸಾರಜನಕಗಳಿಗೂ ಮಿತಿ ಬೇಕು ಎಂದದ್ದು ಈ ಕೊರತೆಯನ್ನು ಕಂಡೇ. ಕೆರೆಯ ಸ್ಥಿತಿಗೆ ತಕ್ಕಂತೆ ಸಾಮಾನ್ಯ ಮಾನದಂಡಕ್ಕಿಂತ ಬಿಗಿಯಾದ ಷರತ್ತು ಹಾಕುವ ಅಧಿಕಾರ ಮಂಡಳಿಗಿದೆ. ಸಮ್ಮತಿ ನವೀಕರಣಕ್ಕೆ ಬಂದಾಗ ಹಾಗೆ ಮಾಡಿ ಎಂದು ಲಿಖಿತವಾಗಿ ಒತ್ತಾಯಿಸುವುದು ನಾಗರಿಕರ ಕೆಲಸ.

ಎರಡನೆಯ ದಾಖಲೆ ಟೆಕ್ ಪಾರ್ಕುಗಳಿಗೂ ದೊಡ್ಡ ವಸತಿ ಸಮುಚ್ಚಯಗಳಿಗೂ ಸಂಬಂಧಿಸಿದ್ದು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ 20,000 ಚದರ ಮೀಟರು ಮುಟ್ಟಿದ ನಿರ್ಮಾಣಗಳು ಪರಿಸರ ಅನುಮೋದನೆ ಪಡೆಯಬೇಕು. ಅನುಮೋದನೆಯ ಷರತ್ತುಗಳನ್ನು ಪಾಲಿಸಿದ ವರದಿಯನ್ನು ವರ್ಷವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಆ ವರದಿ ಸಾರ್ವಜನಿಕ ದಾಖಲೆ, ಕೇಳಿದವರಿಗೆ ಪ್ರತಿ ಕೊಡಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಅದನ್ನು ಸಮ್ಮತಿ ಪತ್ರದ ಪಕ್ಕದಲ್ಲಿಟ್ಟು ಓದಬೇಕು. ಟ್ಯಾಂಕರು, ಬೋರ್‌ವೆಲ್ಲುಗಳಿಂದ ಬಂದ ನೀರೆಷ್ಟು, ಮರುಬಳಕೆಯಾದದ್ದೆಷ್ಟು, ಹೊರಹೋದದ್ದೆಷ್ಟು ಎಂದು ಕೂಡಿ ಕಳೆದಾಗ ಲೆಕ್ಕ ತಾಳೆಯಾಗದಿದ್ದರೆ, ಉಳಿದ ನೀರು ಯಾವ ದಾರಿ ಹಿಡಿಯಿತು ಎಂಬ ಪ್ರಶ್ನೆ ತಾನೇ ಎದ್ದು ಬರುತ್ತದೆ. ಹೆಚ್ಚು ಮಾಲಿನ್ಯಕಾರಕ ಎನಿಸಿದ 17 ವರ್ಗದ ಕೈಗಾರಿಕೆಗಳು ಸದಾ ಅಳೆಯುವ ಆನ್‌ಲೈನ್ ಯಂತ್ರ ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ನಿರ್ದೇಶಿಸಿತು. ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಫೆಬ್ರವರಿ 22ರಂದು, ಇಂಥ ಮಾಹಿತಿ ಜನರಿಗೆ ಕಾಣುವಂತಿರಬೇಕು ಎಂದಿತು. ಆದರೂ ಯಂತ್ರವೊಂದನ್ನೇ ನಂಬಿ ಕೂರಲಾಗದು. ತನ್ನ ಮುಂದೆ ಹರಿದ ನೀರನ್ನಷ್ಟೇ ಅದು ಅಳೆಯುತ್ತದೆ, ರಾತ್ರಿ ಬೈಪಾಸ್ ಪೈಪಿನಲ್ಲಿ ಹೋದದ್ದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದಲೇ ಘಟಕದ ಲಾಗ್‌ಬುಕ್ಕು, ಫ್ಲೋ ಮೀಟರಿನ ರೀಡಿಂಗು, ಕರೆಂಟಿನ ಖರ್ಚು ಮುಖ್ಯವಾಗುತ್ತವೆ. ಗಾಳಿ ಊದುವ ಬ್ಲೋವರು ಓಡದ ಘಟಕ ನೀರನ್ನು ಸಂಸ್ಕರಿಸಿರಲಾರದು.

ಈ ದಾಖಲೆಗಳನ್ನು ಮಂಡಳಿ ತಾನಾಗಿ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಸಮ್ಮತಿ ಪತ್ರಕ್ಕೆ ಒಂದು, ಮಾದರಿ ಪರೀಕ್ಷೆಯ ವರದಿಗಳಿಗೆ ಇನ್ನೊಂದು ಅರ್ಜಿ ಹಾಕುವುದು ಕ್ಷೇಮ. 30 ದಿನದಲ್ಲಿ ಉತ್ತರ ಬರದಿದ್ದರೆ, ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿನ ನಿರ್ಧಾರದಿಂದ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೂ ಹೋಗಬಹುದು. ಖಾಸಗಿ ಕಂಪನಿಯ ವ್ಯಾಪಾರ ಗುಟ್ಟು ಎಂಬ ನೆಪ ಆಗಾಗ ಮುಂದೆ ಬರುತ್ತದೆ. ಯಾವ ರಾಸಾಯನಿಕವನ್ನು ಯಾವ ಪ್ರಮಾಣದಲ್ಲಿ ಬೆರೆಸುತ್ತಾರೆಂಬುದು ಗುಟ್ಟಾಗಿರಬಹುದು. ಊರ ಕಾಲುವೆಗೆ ಬಿಟ್ಟ ನೀರಿನಲ್ಲಿ ಏನಿತ್ತು ಎಂಬುದು ಗುಟ್ಟಾಗಲಾರದು. ಸಾರ್ವಜನಿಕ ಪ್ರಾಧಿಕಾರವು ಬೇರೆ ಕಾನೂನಿನ ಬಲದಿಂದ ಖಾಸಗಿಯವರಿಂದ ಪಡೆಯಬಹುದಾದ ಮಾಹಿತಿಯೂ ಈ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ.

ಗುಟ್ಟಿನ ನೆಪಕ್ಕಿಂತ ಗಟ್ಟಿಯಾದ ಎರಡು ಆಕ್ಷೇಪಗಳಿವೆ. ಪೀಣ್ಯದ ಚಿಕ್ಕ ವರ್ಕ್‌ಶಾಪು, ಪ್ಲೇಟಿಂಗ್ ಘಟಕಗಳು ಈಗಲೇ ಉಸಿರು ಕಟ್ಟಿ ನಡೆಯುತ್ತಿವೆ, ಜನರೂ ಕಾಗದ ಹಿಡಿದು ಬಂದರೆ ಬಾಗಿಲು ಮುಚ್ಚಬೇಕಾದೀತು ಎಂಬುದು ಒಂದು. ಈ ಕಷ್ಟ ನಿಜ. ಆದರೆ ಪೀಣ್ಯದ ಅಂತರ್ಜಲದಲ್ಲಿ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿರುವುದೂ ನಿಜ. ಆ ಬೋರ್‌ವೆಲ್ಲುಗಳ ಸುತ್ತ ಇರುವವರಲ್ಲಿ ಅದೇ ಘಟಕಗಳ ಕಾರ್ಮಿಕರೂ ಇದ್ದಾರೆ. ಚಿಕ್ಕವರಿಗೆ ಕೈಗೆಟಕುವ ದಾರಿಯೆಂದರೆ ಸಾಮೂಹಿಕ ಸಂಸ್ಕರಣಾ ಘಟಕ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಜನ ಕೇಳುವುದರಿಂದ ನಿಯಮ ಪಾಲಿಸುವ ಘಟಕಕ್ಕೆ ನಷ್ಟವಿಲ್ಲ. ಎರಡನೆಯ ಆಕ್ಷೇಪ: ಕೆರೆ ಕೆಡಿಸಿದ್ದರಲ್ಲಿ ದೊಡ್ಡ ಪಾಲು ನಗರದ ಕೊಳಚೆಯದು, ಅಂದರೆ ಸರ್ಕಾರದ್ದು, ಕಂಪನಿಗಳನ್ನು ಕೇಳಿ ಏನು ಪ್ರಯೋಜನ? ಪೂರ್ವಾರ್ಧವನ್ನು ಒಪ್ಪಲೇಬೇಕು. ಅದಕ್ಕೇ ಬೆಂಗಳೂರು ಜಲಮಂಡಳಿಯ ಸಂಸ್ಕರಣಾ ಘಟಕಗಳನ್ನೂ ಇದೇ ಪ್ರಶ್ನೆಗೆ ಒಳಪಡಿಸಬೇಕು, ಅವಕ್ಕೂ ಸಮ್ಮತಿ ಬೇಕು. ಬೆಳ್ಳಂದೂರು ಪ್ರಕರಣದಲ್ಲಿ ಹಸಿರು ನ್ಯಾಯಾಧಿಕರಣ 2018ರ ಡಿಸೆಂಬರ್ 6ರಂದು ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆಯ ಕೆಲಸಕ್ಕೆ 500 ಕೋಟಿ ತೆಗೆದಿಡುವಂತೆಯೂ ಹೇಳಿತು. ಎಲೆಕ್ಟ್ರಾನಿಕ್ ಸಿಟಿಯ ಆಚೆಗಿನ ಚಂದಾಪುರ ಕೆರೆಯ ವಿಷಯದಲ್ಲಿ 2022ರ ಅಕ್ಟೋಬರಿನಲ್ಲಿ ರಾಜ್ಯ 500 ಕೋಟಿ ಪರಿಹಾರ ತೆರಬೇಕೆಂದಿತು. ಆ ಪ್ರಕರಣ ಹುಟ್ಟಿದ್ದು ಒಂದು ಪತ್ರಿಕಾ ವರದಿಯಿಂದ.

ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆ ಮಾಡಿಸುವವರು ಒಂದು ಮಿತಿಯನ್ನು ತಿಳಿದಿರಬೇಕು. ಜಲ ಅಧಿನಿಯಮದ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಪಡೆದು ಕಳಿಸಿದ್ದು ಮಾತ್ರ ಆ ಕಾನೂನಿನಡಿ ಸಾಕ್ಷ್ಯ. ಈ ಕ್ರಮ ತಪ್ಪಿದರೆ ಮಂಡಳಿಯ ವರದಿಯೇ ಬಿದ್ದುಹೋಗುತ್ತದೆ. ನಿಮ್ಮ ಬಾಟಲಿಗೆ ಆ ಸ್ಥಾನವಿಲ್ಲ, ಆದರೆ ಅದು ವ್ಯರ್ಥವೂ ಅಲ್ಲ. ಮಂಡಳಿಯನ್ನು ಸ್ಥಳಕ್ಕೆ ಕರೆಸಲು ಅದು ಆಧಾರ. ಮೇಲಾಗಿ ಹಸಿರು ನ್ಯಾಯಾಧಿಕರಣ ಸಾಕ್ಷ್ಯ ಕಾಯ್ದೆಯ ಕಟ್ಟುಗಳಿಗೆ ಬದ್ಧವಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿಯನ್ನು ತಂಪಾಗಿಟ್ಟು ಬೇಗ ಮುಟ್ಟಿಸಿ. ತೆಗೆದ ಜಾಗ, ದಿನ, ಗಂಟೆ ಬರೆದಿಡಿ.

ದೂರು ಮೊದಲು ಹೋಗಬೇಕಾದದ್ದು ಮಂಡಳಿಯ ಪ್ರಾದೇಶಿಕ ಕಚೇರಿಗೆ, ಮುರಿದ ಷರತ್ತಿನ ಸಂಖ್ಯೆಯ ಸಮೇತ. ಜಲ ಅಧಿನಿಯಮದ 33ಎ ಸೆಕ್ಷನ್ನಿನಡಿ ಘಟಕ ಮುಚ್ಚಿಸುವ, ಕರೆಂಟು, ನೀರು ಕಡಿತಗೊಳಿಸುವ ಅಧಿಕಾರ ಮಂಡಳಿಗಿದೆ. ಮಂಡಳಿ ಸುಮ್ಮನಿದ್ದರೆ, 49ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸು ಕೊಟ್ಟು ಯಾವುದೇ ವ್ಯಕ್ತಿ ತಾನೇ ದೂರು ಹೂಡಬಹುದು. ಆಗ ಮಂಡಳಿ ತನ್ನಲ್ಲಿರುವ ವರದಿಗಳನ್ನು ಕೇಳಿದರೆ ಕೊಡಬೇಕು. 2024ರ ತಿದ್ದುಪಡಿ ಹಲವು ಅಪರಾಧಗಳಿಗೆ ಜೈಲಿನ ಬದಲು ದಂಡ ತಂದಿದೆ. ರಾಜ್ಯಗಳಿಗೆ ಅದು ವಿಧಾನಮಂಡಲದ ನಿರ್ಣಯದ ಮೂಲಕ ಅನ್ವಯವಾಗುವುದರಿಂದ, ನೋಟಿಸು ಕಳಿಸುವ ಮುನ್ನ ವಕೀಲರ ಸಲಹೆ ಪಡೆಯಬೇಕು. ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅಲ್ಲಿ ಕಾಲಮಿತಿ ಕಟ್ಟುನಿಟ್ಟು. ವಿವಾದ ಹುಟ್ಟಿದ ಆರು ತಿಂಗಳೊಳಗೆ, ಪರಿಹಾರ ಕೇಳುವುದಾದರೆ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಮತ್ತೆ 60 ದಿನ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಖರ್ಚಿನ ಭಯ ಇರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಸೆಕ್ಷನ್ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ವಕೀಲರನ್ನು ಪಡೆಯಲು ಹಕ್ಕುಳ್ಳವರು. ಇವರಿಗೆ ಆದಾಯ ಪ್ರಮಾಣ ಪತ್ರದ ಅಗತ್ಯವಿಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೆ ಸಾಕು.