ಬೋನ್ಸಾಯ್ ಗಿಡಕ್ಕೆ ತಕ್ಕ ಕುಂಡದ ಆಯ್ಕೆ

ದೊಡ್ಡ ಮರದ ಲಕ್ಷಣಗಳು ಕೆಡದಂತೆ ಗಿಡವನ್ನು ಕುಬ್ಜವಾಗಿ ಬೆಳೆಸುವ ವಿಧಾನಕ್ಕೆ ಬೋನ್ಸಾಯ್ ಎಂದು ಹೆಸರು. ಇದು ಜಪಾನೀ ಭಾಷೆಯ ಮಾತು. ‘ಬೋನ್’ ಎಂದರೆ ತಟ್ಟೆಯಂತಹ ಆಳವಿಲ್ಲದ ಪಾತ್ರೆ. ‘ಸಾಯ್’ ಎಂದರೆ ನೆಡುವುದು. ಹೀಗೆ ಹೆಸರಿನಲ್ಲೇ ಕುಂಡಕ್ಕೆ ಮೊದಲ ಸ್ಥಾನವಿದೆ. ಆದರೂ ಅನೇಕರು ಕುಂಡವನ್ನು ಅಂದಕ್ಕಾಗಿ ಮಾತ್ರ ಕೊಳ್ಳುತ್ತಾರೆ. ಐದಾರು ವರ್ಷ ಸಾಕಿದ ಗಿಡ ಒಂದೇ ಮಳೆಗಾಲದಲ್ಲಿ ಬೇರು ಕೊಳೆತು, ಇಲ್ಲವೆ ಒಂದೇ ಬೇಸಿಗೆಯಲ್ಲಿ ಒಣಗಿ ಹೋಗುವುದಕ್ಕೆ ಎಷ್ಟೋ ವೇಳೆ ಕುಂಡದ ದೋಷವೇ ಕಾರಣ. ಮಾರಾಟಕ್ಕಾಗಿ ಗಿಡ ಬೆಳೆಸುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಎಳೆಯ ಗಿಡಕ್ಕೆ ತಟ್ಟೆಕುಂಡ ಬೇಡ

ಬೇರು ಹರಡಲು ಜಾಗವಿದ್ದರೆ ಮಾತ್ರ ಕಾಂಡ ಬೇಗ ದಪ್ಪವಾಗುತ್ತದೆ. ಎಳೆಯ ಸಸಿಯನ್ನು ತಟ್ಟೆಕುಂಡಕ್ಕೆ ಹಾಕಿದರೆ ಕಾಂಡದ ಬೆಳವಣಿಗೆ ನಿಧಾನವಾಗಿ, ಗಿಡ ಹಲವು ವರ್ಷ ಕಡ್ಡಿಯಂತೆಯೇ ಉಳಿಯುತ್ತದೆ. ಆದ್ದರಿಂದ ಆಲ, ಅರಳಿ, ಬಸರಿ, ಹುಣಸೆ ಮುಂತಾದ ಸಸಿಗಳನ್ನು ಮೊದಲು ನೆಲದಲ್ಲಿ ಅಥವಾ ಅಗಲವಾದ ಸಾಮಾನ್ಯ ಮಣ್ಣಿನ ಕುಂಡದಲ್ಲಿ ಬೆಳೆಸಬೇಕು. ಬುಡ ಬೇಕಾದಷ್ಟು ದಪ್ಪವಾಗಿ, ಮುಖ್ಯ ಕೊಂಬೆಗಳು ರೂಪುಗೊಂಡ ಮೇಲೆಯೇ ತಟ್ಟೆಕುಂಡಕ್ಕೆ ವರ್ಗಾಯಿಸುವುದು ಸೂಕ್ತ.

ಕುಂಡದ ಅಳತೆ

ಬೋನ್ಸಾಯ್ ಬೆಳೆಗಾರರು ಅನುಸರಿಸುವ ಸಾಮಾನ್ಯ ಲೆಕ್ಕ ಹೀಗಿದೆ:

1. ಕುಂಡದ ಉದ್ದ ಗಿಡದ ಎತ್ತರದ ಮೂರನೇ ಎರಡು ಭಾಗದಷ್ಟಿರಬೇಕು. ಎತ್ತರಕ್ಕಿಂತ ಹರವು ಹೆಚ್ಚಾಗಿದ್ದರೆ ಹರವಿನ ಮೂರನೇ ಎರಡು ಭಾಗವನ್ನು ತೆಗೆದುಕೊಳ್ಳಬೇಕು.
2. ಕುಂಡದ ಆಳ, ಬುಡದಲ್ಲಿ ಕಾಂಡದ ದಪ್ಪದಷ್ಟಿರಬೇಕು.

ಉದಾಹರಣೆಗೆ, 45 ಸೆಂ.ಮೀ. ಎತ್ತರದ, ಬುಡದಲ್ಲಿ 5 ಸೆಂ.ಮೀ. ದಪ್ಪದ ಬಸರಿ ಗಿಡಕ್ಕೆ 30 ಸೆಂ.ಮೀ. ಉದ್ದ, 5 ಸೆಂ.ಮೀ. ಆಳದ ಕುಂಡ ಹೊಂದುತ್ತದೆ. ಇದು ಕಣ್ಣಳತೆಗೆ ನೆರವಾಗುವ ಲೆಕ್ಕವೇ ಹೊರತು ಕಟ್ಟುಪಾಡಲ್ಲ. ಬಿಸಿಲು, ಒಣಗಾಳಿ ಹೆಚ್ಚಾಗಿರುವ ಬಯಲುಸೀಮೆಯಲ್ಲಿ ಆಳವನ್ನು ಸ್ವಲ್ಪ ಹೆಚ್ಚಿಸಿಕೊಳ್ಳುವುದು ಕ್ಷೇಮ. ದಾಳಿಂಬೆಯಂತಹ ಹಣ್ಣು ಬಿಡುವ ಗಿಡಗಳಿಗೆ ನೀರು ಹೆಚ್ಚು ಬೇಕಾಗುವುದರಿಂದ ಅವಕ್ಕೂ ತುಸು ಆಳವಾದ ಕುಂಡವೇ ಲೇಸು.

ಆಳ ಕಡಿಮೆಯಾದರೆ ನೀರು ನಿಲ್ಲುವುದೇಕೆ?

ಆಳವಿಲ್ಲದ ಕುಂಡದಲ್ಲಿ ನೀರು ಬೇಗ ಬಸಿದು ಹೋಗುತ್ತದೆಂಬ ನಂಬಿಕೆ ಇದೆ. ಇದು ತಪ್ಪು. ಆಯತಾಕಾರದ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ ಮತ್ತಷ್ಟು ನೀರು ಇಳಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ನೀರು ಬಸಿದ ನಂತರವೂ ತಳದಲ್ಲಿ ಒಂದು ಪದರ ಪೂರ್ತಿ ಒದ್ದೆಯಾಗಿ ಉಳಿಯುತ್ತದೆ. ಮಣ್ಣು ಒಂದೇ ಆಗಿದ್ದರೆ ಈ ಪದರದ ಎತ್ತರ ಆಳದ ಕುಂಡದಲ್ಲೂ ತಟ್ಟೆಕುಂಡದಲ್ಲೂ ಒಂದೇ. ಆಳದ ಕುಂಡದಲ್ಲಿ ಬೇರಿಗೆ ಅದರ ಮೇಲೆ ಗಾಳಿಯಾಡುವ ಜಾಗವಿರುತ್ತದೆ. ತಟ್ಟೆಕುಂಡದಲ್ಲಿ ಬಹುಪಾಲು ಬೇರು ಒದ್ದೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ತಳದಲ್ಲಿ ಜಲ್ಲಿ ಹರಡುವುದರಿಂದ ಈ ತೊಂದರೆ ನೀಗುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರುತ್ತದೆ, ಅಷ್ಟೆ. ಮಣ್ಣನ್ನೇ ಉರುಟು ಮಾಡಿಕೊಳ್ಳುವುದು ಸರಿಯಾದ ಉಪಾಯ. ಇಟ್ಟಿಗೆ ಚೂರು, ದಪ್ಪ ಮರಳನ್ನು ಜರಡಿ ಹಿಡಿದು, ನಯವಾದ ಪುಡಿಯನ್ನು ತೆಗೆದುಹಾಕಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಮಿತವಾಗಿ ಬೆರೆಸಬೇಕು. ತೋಟದ ಜಿಗುಟು ಮಣ್ಣನ್ನು ಹಾಗೆಯೇ ತುಂಬಬಾರದು.

ಯಾವ ವಸ್ತುವಿನ ಕುಂಡ?

ಚೀನಾದ ಯಿಶಿಂಗ್ ಮತ್ತು ಜಪಾನಿನ ತೊಕೊನಾಮೆ ಊರುಗಳ ಸುಟ್ಟ ಜೇಡಿಯ ಕುಂಡಗಳು ಹೆಸರಾದವು. ಆದರೆ ದುಬಾರಿ ಕುಂಡವೇ ಬೇಕೆಂದಿಲ್ಲ. ನಮ್ಮ ಕುಂಬಾರರಿಂದ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ಮಣ್ಣಿನ ಕುಂಡದ ಗೋಡೆಯ ಮೂಲಕವೂ ನೀರು ಆರುವುದರಿಂದ ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಕೊಡಬೇಕಾಗಬಹುದು. ಹೊಸ ಸಿಮೆಂಟು ಕುಂಡದಲ್ಲಿ ಕ್ಷಾರದ ಅಂಶವಿರುತ್ತದೆ. ಒಂದೆರಡು ವಾರ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿದ ಮೇಲೆ ಬಳಸಬೇಕು. ಮೆರುಗು ಕೊಟ್ಟ ಕುಂಡವಾದರೆ ಒಳಮೈಗೆ ಮೆರುಗು ಇರಬಾರದು.

ಆಕಾರ ಮತ್ತು ಬಣ್ಣ

ದಪ್ಪ ಕಾಂಡದ, ನೆಟ್ಟಗೆ ನಿಂತ ಗಿಡಕ್ಕೆ ಮೂಲೆಗಳಿರುವ ಆಯತದ ಕುಂಡ, ಬಾಗಿದ ನಯವಾದ ಕಾಂಡಕ್ಕೆ ಅಂಡಾಕಾರದ ಕುಂಡ ಒಪ್ಪುತ್ತದೆ. ಕೆಳಕ್ಕೆ ಇಳಿಬೀಳುವ ಗಿಡಕ್ಕೆ ಎತ್ತರದ ಕುಂಡ ಬೇಕು. ಹಸಿರೆಲೆಯ ಗಿಡಕ್ಕೆ ಕೆಂಗಂದು ಬಣ್ಣ ಸಾಕು. ಕಾಗದದ ಹೂವಿನಂತಹ ಹೂಗಿಡಕ್ಕೆ ಹೂವಿನ ಬಣ್ಣ ಎದ್ದು ಕಾಣುವಂತಹ ಮೆರುಗಿನ ಕುಂಡ ಇಡಬಹುದು.

ಕೊಳ್ಳುವ ಮೊದಲು

ತಳದಲ್ಲಿ ದೊಡ್ಡ ತೂತುಗಳಿರಬೇಕು. ಕುಂಡಕ್ಕೆ ಕಾಲುಗಳಿದ್ದು, ತಳ ನೆಲಕ್ಕೆ ತಾಗದಂತಿರಬೇಕು. ಅಂಗಡಿಯಲ್ಲೇ ಕುಂಡವನ್ನು ಸಮನಾಗಿಟ್ಟು ಒಂದು ಚೊಂಬು ನೀರು ಹಾಕಿ ನೋಡಬೇಕು. ಒಳಗೆ ಎಲ್ಲಿಯಾದರೂ ನೀರು ಮಡುಗಟ್ಟಿದರೆ ಅಂತಹ ಕುಂಡ ಬೇಡ. ತೂತುಗಳಿಗೆ ಜಾಲರಿ ಹಾಸಿ, ಅವುಗಳ ಮೂಲಕ ತಂತಿ ತೂರಿಸಿ ಬೇರಿನ ಮುದ್ದೆಯನ್ನು ಬಿಗಿದು ಕಟ್ಟಬೇಕು. ಇಲ್ಲವಾದರೆ ಗಾಳಿಗೆ ಗಿಡ ಅಲುಗಾಡಿ ಹೊಸ ಬೇರು ಹರಿದು ಹೋಗುತ್ತದೆ.

ಒಟ್ಟಿನಲ್ಲಿ ಕುಂಡವನ್ನು ಮೊದಲು ಬೇರಿಗಾಗಿ ಆರಿಸಬೇಕು, ಆಮೇಲೆ ಕಣ್ಣಿಗಾಗಿ. ಬೇರು ನೆಮ್ಮದಿಯಾಗಿದ್ದರೆ ಗಿಡ ಒಂದು ತಲೆಮಾರನ್ನೂ ದಾಟಿ ಬಾಳಬಲ್ಲದು.